ಸ್ಟ್ರೈಟನಿಂಗ್ ಮಾಡಿಸಿದ ಕೂದಲು ಮತ್ತೆ ಗುಂಗುರಾಗುತ್ತಾ?

ಆರು ವರ್ಷದಿಂದ ಸ್ಟ್ರೈಟನಿಂಗ್ ಮಾಡಿಸುತ್ತಿದ್ದೀರಿ, ಈಗ ಹುಟ್ಟಿನಿಂದ ಬಂದ ಗುಂಗುರು ಕೂದಲೇ ಬೇಕು, ಹತ್ತು ತಿಂಗಳಲ್ಲಿ ಮದುವೆ ಬೇರೆ ಇದೆ, ಯಾವ ಎಣ್ಣೆ ಹಚ್ಚಲಿ ಅಂತ ಕೇಳಿದ್ದೀರಿ. ಯಾವ ಎಣ್ಣೆಯಿಂದಲೂ ಆಗುವುದಿಲ್ಲ. ಪರ್ಮನೆಂಟಾಗಿ ನೇರ ಮಾಡಿಸಿದ ಕೂದಲು ನೇರವಾಗಿಯೇ ಇರುತ್ತದೆ. ಬುಡದಿಂದ ಹೊಸದು ಬರಬೇಕು, ಹಳೆಯದನ್ನು ಕತ್ತರಿಸಬೇಕು. ನಾನು ಹದಿನಾರು ತಿಂಗಳು ಇದನ್ನೇ ಮಾಡಿದವಳು. ಅದರಲ್ಲಿ ಕೆಲವು ತಿಂಗಳು ಎಣ್ಣೆ ಹುಡುಕುವುದರಲ್ಲೇ ಹೋಯಿತು.

ಮೊದಲು ಪಾರ್ಲರ್‌ನಲ್ಲಿ ಏನು ಮಾಡಿದರು ಅಂತ ಕೇಳಿ ತಿಳಿದುಕೊಳ್ಳಿ. ಬರೀ ಕೆರಾಟಿನ್ (ಕೂದಲಿಗೆ ಲೇಪ ಕೊಡುವ ಟ್ರೀಟ್‌ಮೆಂಟ್) ಆಗಿದ್ದರೆ ನಾಲ್ಕೈದು ತಿಂಗಳಲ್ಲಿ ತೊಳೆದುಕೊಂಡು ಹೋಗುತ್ತದೆ, ಗುಂಗುರು ಬಹುಮಟ್ಟಿಗೆ ವಾಪಸ್ ಬರುತ್ತದೆ. ರೀಬಾಂಡಿಂಗ್ ಅಥವಾ ಸ್ಮೂದನಿಂಗ್ ಆಗಿದ್ದರೆ ಕಥೆ ಬೇರೆ. ಕೂದಲಿನ ಒಳಗೆ ಗಂಧಕದ ಕೊಂಡಿಗಳಿರುತ್ತವೆ, ಸುರುಳಿಯನ್ನು ಹಿಡಿದಿಡುವುದು ಅವೇ. ಮೊದಲ ಕ್ರೀಮು ಆ ಕೊಂಡಿ ಬಿಡಿಸುತ್ತದೆ. ಆಮೇಲೆ ಬಿಸಿ ಇಸ್ತ್ರಿ ಎಳೆಯುತ್ತಾರೆ. ಎರಡನೆಯ ಕ್ರೀಮು ಕೂದಲು ನೇರವಾಗಿರುವಾಗಲೇ ಕೊಂಡಿ ಮತ್ತೆ ಹಾಕಿಬಿಡುತ್ತದೆ. ನೀವು ನೋಡುವ ಅಮೆರಿಕದ ಕಪ್ಪು ಹೆಂಗಸರ ವಿಡಿಯೊಗಳಲ್ಲಿ ಬರುವ ರಿಲ್ಯಾಕ್ಸರ್ ಇನ್ನೂ ಖಡಕ್ ವಸ್ತು, ಹಲವದರಲ್ಲಿ ಕಾಸ್ಟಿಕ್ ಸೋಡಾನೇ ಇರುತ್ತದೆ. ಆದರೆ ಅದರಿಂದ ಹೊರಬರುವ ದಾರಿ ನಮ್ಮದೇ. ಒಂದೇ ಸಲ ಕತ್ತರಿಸುವುದಕ್ಕೆ ಅವರು ಬಿಗ್ ಚಾಪ್ ಅನ್ನುತ್ತಾರೆ, ಬೆಳೆಸುತ್ತಾ ಸ್ವಲ್ಪ ಸ್ವಲ್ಪವೇ ತೆಗೆಯುವುದಕ್ಕೆ ಟ್ರಾನ್ಸಿಷನಿಂಗ್. ನಾನು ಕಲಿತದ್ದೆಲ್ಲ ಬಹುಪಾಲು ಅವರಿಂದಲೇ.

ನನ್ನ ಕೊನೆಯ ಟಚಪ್, ಅಂದರೆ ಬುಡದಲ್ಲಿ ಬಂದ ಹೊಸ ಕೂದಲನ್ನೂ ನೇರ ಮಾಡಿಸಿದ್ದು, 2019ರ ಆಗಸ್ಟ್‌ನಲ್ಲಿ. ಮುಂದಿನದಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಲಾಕ್‌ಡೌನ್ ಬಂತು, ಪಾರ್ಲರ್ ಮುಚ್ಚಿತು, ನಾನು ಬೆಂಗಳೂರು ಬಿಟ್ಟು ಸಾಗರದ ಮನೆಗೆ ಹೋದೆ. ಬುಡದಲ್ಲಿ ನಾಲ್ಕು ಬೆರಳು ಗುಂಗುರು, ಕೆಳಗೆ ಸೊಂಟದವರೆಗೆ ಒಣ ಹುಲ್ಲು. ಜೋಳದ ತೆನೆ ತಲೆಕೆಳಗಾದ ಹಾಗೆ! ಸ್ಕೂಲಿನಲ್ಲಿ ಕಾಗೆಗೂಡು ಅಂತ ಕರೆಸಿಕೊಂಡು ಬೇಜಾರಾಗಿಯೇ ನಾನು ನೇರ ಮಾಡಿಸಿದ್ದು. ಹಾಗಾಗಿ ಹೊಸ ಸುರುಳಿ ನೋಡಿ ಖುಷಿ ಏನೂ ಆಗಲಿಲ್ಲ. ಬಿಟ್ಟದ್ದು ಬೇರೆ ದಾರಿ ಇಲ್ಲದೆ.

ಈ ಎರಡು ಥರದ ಕೂದಲು ಸೇರುವ ಗಡಿ ಇದೆಯಲ್ಲ, ತೊಂದರೆ ಎಲ್ಲ ಅಲ್ಲೇ. ಕೂದಲು ತುಂಡಾಗುವುದು ಸಾಮಾನ್ಯವಾಗಿ ಆ ಜಾಗದಲ್ಲಿ. ಒಣಗಿದಾಗ ಬಾಚಿದರೆ ಬಾಚಣಿಗೆ ತುಂಬ ತುಂಡುಗಳು. ಕಂಡೀಷನರ್ ಹಚ್ಚಿ, ಒದ್ದೆ ಇರುವಾಗಲೇ, ಬೆರಳಿನಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಟರ್ಕಿ ಟವೆಲ್‌ನಲ್ಲಿ ಗಸಗಸ ಉಜ್ಜಬೇಡಿ. ನಮ್ಮ ಮನೆಯ ಹಳೆಯ ಪಾಣಿಪಂಚೆ ಇದಕ್ಕೆ ಯಾವ ದುಬಾರಿ ಟವೆಲ್‌ಗಿಂತಲೂ ಚೆನ್ನ, ಸುಮ್ನೆ ಒತ್ತಿ ನೀರು ತೆಗೆದರೆ ಸಾಕು. ಬಿಗಿ ರಬ್ಬರ್ ಬ್ಯಾಂಡ್ ಬೇಡ. ಮುಖ್ಯವಾಗಿ, ಬುಡ ಹೊಂದಲಿ ಅಂತ ದಿನಾ ಇಸ್ತ್ರಿ ಎಳೆಯಬೇಡಿ. ಬಿಸಿಗೆ ಹೊಸ ಸುರುಳಿಯೂ ಸತ್ತುಹೋಗುತ್ತದೆ, ಮತ್ತೆ ಅದನ್ನೂ ಕತ್ತರಿಸಬೇಕು. ರಾತ್ರಿ ಸ್ವಲ್ಪ ಒದ್ದೆ ಇರುವಾಗ ಎರಡು ಜಡೆ ಹಾಕಿ ಮಲಗಿದರೆ ಬೆಳಗ್ಗೆ ತುದಿಗೂ ಅಲೆ ಬಂದಿರುತ್ತದೆ, ಎರಡು ಕೂದಲ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಅಜ್ಜಿ ವಾರಕ್ಕೊಮ್ಮೆ ದಾಸವಾಳದ ಎಲೆ ಕಿವುಚಿ ತಲೆಗೆ ಹಚ್ಚುವ ಗೊಂಪು ಮಾಡಿಕೊಡುತ್ತಿದ್ದರು. ಅದು ಉದ್ದ ಬೆಳೆಸುತ್ತದೆ ಅಂತ ಅವರ ನಂಬಿಕೆ. ನನಗೆ ಕಂಡ ಲಾಭ ಅದರ ಲೋಳೆ, ಸಿಕ್ಕು ಬೆಣ್ಣೆಯ ಹಾಗೆ ಬಿಡುತ್ತಿತ್ತು. ಕೂದಲಿಗೆ ಹಚ್ಚುವ ಜೆಲ್‌ಗೆ ಅಗಸೆ ಬೀಜ. ಕಾಲು ಕಪ್ ಬೀಜ, ಎರಡು ಕಪ್ ನೀರು, ಮೊಟ್ಟೆಯ ಬಿಳಿಯ ಹದಕ್ಕೆ ಬರುವವರೆಗೆ ಕುದಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ತಣ್ಣಗಾದರೆ ಸೋಸುವುದು ಆಗದ ಮಾತು, ನಾನು ಒಂದು ಜರಡಿ ಹಾಳು ಮಾಡಿದ್ದೇನೆ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಈ ಲೆಕ್ಕ ಗೋಡೆಗೆ ಬರೆದಿಟ್ಟುಕೊಳ್ಳಿ, ಯಾಕೆಂದರೆ ತಿಂಗಳಲ್ಲಿ ಐದು ಇಂಚು ಅನ್ನುವ ಎಣ್ಣೆ ಮಾರುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ನಾನು ತಂಗಿಯ ಕೈಯಲ್ಲಿ ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸಿಕೊಂಡೆ, ಡಿಸೆಂಬರ್ 2020ರಲ್ಲಿ ಉಳಿದದ್ದನ್ನೂ ತೆಗೆಸಿದೆ. ಎಳೆದರೆ ಏಳು ಇಂಚು ಇದ್ದ ಕೂದಲು ಒಣಗಿದ ಮೇಲೆ ಕಿವಿಯ ಹತ್ತಿರ ಹೋಗಿ ಕೂತಿತು. ಇದಕ್ಕೆ ಸಿದ್ಧರಾಗಿರಿ. ಅಂಗಡಿಯವರು "ತಿರುಪತಿಗೆ ಹೋಗಿದ್ಯೇನಮ್ಮಾ?" ಅಂತ ಕೇಳಿದರು. ಇನ್ನೊಂದು ಮಾತು, ಮೊದಲ ಎರಡು ಇಂಚು ನೋಡಿ ಸುರುಳಿ ಇಷ್ಟೇನಾ ಅಂದುಕೊಳ್ಳಬೇಡಿ. ಕೆಳಗಿನ ನೇರ ಕೂದಲಿನ ಭಾರ ಅದನ್ನು ಎಳೆದಿರುತ್ತದೆ. ಆ ಭಾರ ಹೋದ ದಿನವೇ ನನ್ನದು ಮೇಲೆದ್ದು ನಿಂತಿತು.

ಕ್ಯಾನ್ಸರ್ ಬರುತ್ತಂತೆ ಹೌದಾ ಅಂತಲೂ ಕೇಳಿದ್ದೀರಿ. 2022ರಲ್ಲಿ ಅಮೆರಿಕದಲ್ಲಿ ಸುಮಾರು 33 ಸಾವಿರ ಹೆಂಗಸರ ಮೇಲಿನ ಅಧ್ಯಯನವೊಂದು ಬಂತು. ಕೂದಲು ನೇರ ಮಾಡುವ ರಾಸಾಯನಿಕವನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತ್ತು. ಇದು ಸಂಬಂಧ ಮಾತ್ರ, ಅದರಿಂದಲೇ ಬಂತು ಅನ್ನುವುದಕ್ಕೆ ಸಾಬೀತಲ್ಲ. ಎಂಟು ಹತ್ತು ತಿಂಗಳಿಗೊಮ್ಮೆ ಮಾಡಿಸಿದ ನೀವು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಇನ್ನು ಮದುವೆ. "ಅದಕ್ಕೊಂದು ಕೊನೆಯ ಸಲ ಮಾಡಿಸಿಬಿಡಿ" ಅಂತ ಪಾರ್ಲರ್‌ನವರು ಹೇಳಿದರು ಅಂದಿರಿ. ಮಾಡಿಸಿದ ದಿನ ನಿಮ್ಮ ಹತ್ತು ತಿಂಗಳ ಲೆಕ್ಕ ಸೊನ್ನೆಗೆ ಬರುತ್ತದೆ. ಪರ್ಮಿಂಗ್ ಮಾಡಿ ಗುಂಗುರು ಮಾಡಿಕೊಡುತ್ತೇವೆ ಅಂದರೂ ಒಪ್ಪಬೇಡಿ, ಈಗಾಗಲೇ ಬೆಂದ ಕೂದಲು ಅದು. ಮದುವೆ ಮುಗಿಯುವವರೆಗೆ ದೊಡ್ಡದಾಗಿ ಕತ್ತರಿಸಲೂ ಬೇಡಿ, ತುದಿ ಮಾತ್ರ ತೆಗೆಯುತ್ತಾ ಹೋಗಿ. ಮೊಗ್ಗಿನ ಜಡೆಗೆ ಕೂದಲು ಸಾಲದು ಅನ್ನುವ ನಿಮ್ಮ ಅಮ್ಮನ ಚಿಂತೆಗೆ ಚೌರಿ ಇದೆಯಲ್ಲ, ನಮ್ಮಲ್ಲಿ ಎಷ್ಟು ಮದುವೆ ಅದರಲ್ಲೇ ನಡೆದಿಲ್ಲ! ಜಡೆ ಹಾಕುವವರಿಗೆ ಮಾತ್ರ ಮೊದಲೇ ಹೇಳಿಡಿ. ಚೌರಿ, ಮೊಗ್ಗು, ಕುಚ್ಚು ಎಲ್ಲ ಸೇರಿದರೆ ಒಳ್ಳೆ ಭಾರ. ಅದು ಗಡಿಯ ಕೆಳಗಿನ ಕೂದಲಿನಿಂದ ನೇತಾಡಬಾರದು, ಬುಡದ ಹತ್ತಿರ ಸಣ್ಣ ತುರುಬು ಕಟ್ಟಿ ಅದಕ್ಕೆ ಸಿಕ್ಕಿಸಲಿ.