ಮಲೆನಾಡಿನ ಕಥೆಯ ಸಿನಿಮಾಗಳು ಮಲೆನಾಡಿನ ಥಿಯೇಟರ್‌ನಲ್ಲೇ ಯಾಕೆ ನಿಲ್ಲುವುದಿಲ್ಲ?

ತೀರ್ಥಹಳ್ಳಿಯ ಓದುಗರಾದ ನೀವು ಕೇಳಿದ್ದು ಎರಡು ಪ್ರಶ್ನೆ. ಮಲೆನಾಡಿನಲ್ಲಿ ನಡೆಯುವ ಸಿನಿಮಾಗಳು ಇಷ್ಟೊಂದು ಬಂದರೂ ಶಿವಮೊಗ್ಗದಲ್ಲೇ ವಾರ ದಾಟುವುದಿಲ್ಲವಲ್ಲ ಅಂತ ಒಂದು. ಇಲ್ಲೇ ಇದ್ದು ವಿಮರ್ಶೆ ಬರೆಯುವ ನನಗೆ ಅವು ನಿಜಕ್ಕೂ ಇಷ್ಟವಾದವೋ ಅಥವಾ ಊರಿನ ಅಭಿಮಾನಕ್ಕೆ ಹೊಗಳುತ್ತೇನೋ ಅಂತ ಇನ್ನೊಂದು. ಎರಡನೆಯದಕ್ಕೇ ಮೊದಲು ಬರುತ್ತೇನೆ, ಅದರಲ್ಲಿ ನನ್ನದೂ ಸ್ವಲ್ಪ ತಕರಾರಿದೆ.

ಈಚಿನ ಸಿನಿಮಾದವರಿಗೆ ಮಲೆನಾಡು ಅಂದರೆ ಹೆಣ ಸಿಗುವ ಜಾಗ. 2024ರ 'ಶಾಖಾಹಾರಿ'ಯಲ್ಲಿ ಹೆಣ, ಅದೇ ವರ್ಷದ 'ಕೆರೆಬೇಟೆ'ಯಲ್ಲಿ ಕೊಲೆ, 2025ರ 'ಅಜ್ಞಾತವಾಸಿ'ಯಲ್ಲಿ ಮತ್ತೆ ಸಾವು, ತನಿಖೆ. ಕಾರಣ ತೀರಾ ಗುಟ್ಟಿನದೇನಲ್ಲ. ಮೋಡ ಮುಚ್ಚಿದ ದಿನ ಬೆಳಕು ಒಂದೇ ಸಮ ಇರುತ್ತದೆ, ದೊಡ್ಡ ಲೈಟುಗಳಿಲ್ಲದೆ ಶೂಟಿಂಗ್ ಸಾಗುತ್ತದೆ. ಮನೆಗಳು ದೂರ ದೂರ, ನೋಡಿದವರು ಕಡಿಮೆ. ಇನ್ನು ನೆಟ್‌ವರ್ಕ್ ಇಲ್ಲ ಅಂದುಬಿಟ್ಟರೆ ಚಿತ್ರಕಥೆ ಬರೆಯುವವನಿಗೆ ಅರ್ಧ ತಲೆನೋವು ಕಳೆದ ಹಾಗೆ. 'ಅಜ್ಞಾತವಾಸಿ'ಯಂತೂ ಊರಿಗೆ ಮೊದಲ ಕಂಪ್ಯೂಟರ್ ಬಂದ ತೊಂಬತ್ತರ ದಶಕಕ್ಕೇ ಹೋಗಿ ಕೂತಿತು. ಹೊಸನಗರದ ಕಡೆಯವರಿಗೆ ನೆಟ್‌ವರ್ಕ್ ಇಲ್ಲದಿರಲು ಅಷ್ಟು ಹಿಂದೆ ಹೋಗಬೇಕಾಗಿಲ್ಲ, ಆ ಮಾತು ಬೇರೆ.

ಹಾಗಂತ ಮೂರೂ ಒಂದೇ ಅಲ್ಲ. 'ಶಾಖಾಹಾರಿ' ನನಗೆ ಹಿಡಿಸಿದ್ದು ಕೊಲೆಯ ಕಾರಣಕ್ಕಲ್ಲ, ಹೋಟೆಲಿನ ಕಾರಣಕ್ಕೆ. ಏರುದನಿಯ ಹಾಸ್ಯಕ್ಕೆ ಹೆಸರಾದ ರಂಗಾಯಣ ರಘು ಇಲ್ಲಿ ಹೋಟೆಲ್ ನಡೆಸುವವನಾಗಿ ದನಿ ತಗ್ಗಿಸಿಕೊಂಡು, ಸದಾ ಏನೋ ಒಂದು ಕೆಲಸ ಕೈಯಲ್ಲಿಟ್ಟುಕೊಂಡೇ ಮಾತಾಡುತ್ತಾರೆ. ತೀರ್ಥಹಳ್ಳಿ ಸುತ್ತಿನ ಹಳೇ ಹೋಟೆಲುಗಳಲ್ಲಿ ಮಾಲೀಕರು ನಿಮ್ಮ ಮುಖ ನೋಡಿ ಮಾತಾಡುವುದು ದುಡ್ಡು ಎಣಿಸುವಾಗ ಮಾತ್ರ. ಉಳಿದ ಹೊತ್ತು ಮಾತು ಒಲೆಯ ಕಡೆಯಿಂದಲೇ ಬರುತ್ತದೆ. ಅದನ್ನು ನಿರ್ದೇಶಕ ಸಂದೀಪ್ ಸುಂಕದ್ ನೋಡಿದ್ದಾರೆ ಅನ್ನಿಸಿತು. 'ಕೆರೆಬೇಟೆ'ಯಲ್ಲಿ ನೀರು ತಗ್ಗಿದ ಕೆರೆಗೆ ಜನ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಅಂದರೆ ಕೂಣಿ ಹಿಡಿದು ಒಟ್ಟಿಗೇ ಇಳಿಯುವ ಭಾಗ ಇದೆ. ಆ ಕೆಸರು, ಆ ಗಲಾಟೆ ಬೇರೆ ಯಾವ ಊರಿನ ಸಿನಿಮಾಕ್ಕೂ ದಕ್ಕದು. ಆದರೆ ಕಥೆ ಅಲ್ಲಿಂದ ಎದ್ದು ನಾಯಕನ ಹಿಂದೆ ಓಡಿಬಿಟ್ಟಿತು. ನಾನಾಗಿದ್ದರೆ ಇನ್ನೊಂದು ಹತ್ತು ನಿಮಿಷ ಕೆರೆಯಲ್ಲೇ ನಿಲ್ಲುತ್ತಿದ್ದೆ.

ಹೆಣ ಇಲ್ಲದೆಯೂ ನಮ್ಮ ಕಡೆಯ ಸಿನಿಮಾ ಆಗುತ್ತದೆ ಅನ್ನುವುದಕ್ಕೆ 2023ರ 'ಡೇರ್‌ಡೆವಿಲ್ ಮುಸ್ತಾಫಾ' ಇದೆ. ತೇಜಸ್ವಿ ಅವರ ಕಥೆ, ಅವರ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ. ಕಾಲೇಜು, ಕ್ರಿಕೆಟ್, ಚಿಕ್ಕ ಊರಿನ ದೊಡ್ಡ ಅನುಮಾನಗಳು, ಅಷ್ಟೇ. ಭಯವೇ ಬೇಕು ಅಂದರೆ ಕಾಸರವಳ್ಳಿ ಅವರ 'ಘಟಶ್ರಾದ್ಧ' ನೋಡಿ. 1977ರ ಕಪ್ಪುಬಿಳುಪು ಸಿನಿಮಾ. ಕಥೆ ಬರೆದ ಅನಂತಮೂರ್ತಿ, ತೆಗೆದ ಕಾಸರವಳ್ಳಿ ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನವರು. ಅದರ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದರಲ್ಲಿ ಹೆದರಿಸುವುದು ಕಾಡಲ್ಲ, ಅಗ್ರಹಾರದ ಮನೆಗಳೊಳಗಿನ ಮನುಷ್ಯರು.

ಇನ್ನು ಯಾಕೆ ನಿಲ್ಲುವುದಿಲ್ಲ ಅನ್ನುವುದು. 'ನಮ್ಮ ಜನ ನೋಡಲ್ಲ ಮಾರಾಯ್ರೆ' ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಒಂಟಿ ಪರದೆಯ ಥಿಯೇಟರ್‌ಗಳಲ್ಲಿ ಹೆಚ್ಚಾಗಿ ವಾರದ ಬಾಡಿಗೆ ಲೆಕ್ಕ: ಜನ ಬರಲಿ ಬಿಡಲಿ, ಸಿನಿಮಾದವರು ಕಟ್ಟಬೇಕು. ಮಲ್ಟಿಪ್ಲೆಕ್ಸ್‌ನಲ್ಲಿ ಶೇಕಡಾವಾರು ಹಂಚಿಕೆ, ಹಾಗಾಗಿ ಸೀಟು ತುಂಬದ ಸಿನಿಮಾಕ್ಕೆ ಅವರು ಒಳ್ಳೆ ಹೊತ್ತು ಬಿಟ್ಟುಕೊಡುವುದಿಲ್ಲ. ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ಬೇರೆ. ಸಣ್ಣ ಸಿನಿಮಾಕ್ಕೆ ಸಿಗುವುದು ಬೆಳಿಗ್ಗೆ ಹತ್ತರ ಸುಮಾರಿನ ಶೋ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕೆಲಸ ಬಿಟ್ಟು ಬರುವವರು ಯಾರು? ನನ್ನ ವಿಮರ್ಶೆ ಭಾನುವಾರ ಅಚ್ಚಾಗುತ್ತದೆ. ಸೋಮವಾರ ಓದುಗರು ಫೋನ್ ಮಾಡಿ 'ಎಲ್ಲಿ ಓಡ್ತಾ ಇದೆ ಸಾರ್?' ಅನ್ನುತ್ತಾರೆ. ಅಷ್ಟೊತ್ತಿಗೆ ಎತ್ತಂಗಡಿ ಆಗಿರುತ್ತದೆ.

2025ರ 'ಸು ಫ್ರಮ್ ಸೋ' ಗೆದ್ದದ್ದು ಈ ಲೆಕ್ಕವನ್ನು ತಿರುಗಿಸಿ. ಹೊಸ ನಿರ್ದೇಶಕ, ಕರಾವಳಿಯ ಹಳ್ಳಿ, ಕರಾವಳಿಯ ಮಾತು. ಬಿಡುಗಡೆಗೆ ಮೊದಲೇ ಹಲವು ಊರುಗಳಲ್ಲಿ ಪ್ರೀಮಿಯರ್ ಶೋ ಇಟ್ಟರು, ಬಾಯಿಮಾತು ಶುಕ್ರವಾರಕ್ಕಿಂತ ಮುಂಚೆಯೇ ಹಬ್ಬಿತು. ಇದೇ ಶಿವಮೊಗ್ಗದಲ್ಲಿ ಟಿಕೆಟ್ ಸಿಗದೆ ವಾಪಸ್ ಹೋದವರನ್ನು ಕಂಡಿದ್ದೇನೆ. ಅವರೆಲ್ಲ ನಮ್ಮ ಜನವೇ ಅಲ್ಲವಾ?

ಓಟಿಟಿಗೆ ಬರುತ್ತದಲ್ಲ ಅನ್ನುತ್ತೀರಿ. ಎಲ್ಲವೂ ಬರುವುದಿಲ್ಲ. ರಕ್ಷಿತ್ ಶೆಟ್ಟಿ ಅಂಥವರೇ 2024ರಲ್ಲಿ 'ಏಕಂ' ಸರಣಿಗೆ ಓಟಿಟಿ ಸಿಗದೆ ಸ್ವಂತ ಜಾಲತಾಣದಲ್ಲಿ ಬಿಟ್ಟರು. ಬಂದರೂ, ಮಲೆನಾಡಿನ ಸಿನಿಮಾದಲ್ಲಿ ಅರ್ಧ ಕೆಲಸ ಶಬ್ದದ್ದು. ಥಿಯೇಟರಿನಲ್ಲಿ ಜೀರುಂಡೆ ಸುತ್ತಲೂ ಕೂಗುತ್ತದೆ. ಫೋನಿನಲ್ಲಿ ಕೇಳಿದರೆ ಚಾರ್ಜರ್ ಕೆಟ್ಟಿರಬೇಕು ಅಂದುಕೊಳ್ಳುತ್ತೇವೆ.

ಟಿಕೆಟ್ ದರದ ವಿಷಯ: ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಬೆಂಗಳೂರಿಗೆ ಅದು ದೊಡ್ಡ ಸುದ್ದಿ. ನಿಮ್ಮಂಥ ತೀರ್ಥಹಳ್ಳಿಯವರಿಗೆ ಟಿಕೆಟ್‌ಗಿಂತ ಬಸ್ಸಿನದೇ ಚಿಂತೆ. ಅರವತ್ತು ಕಿಲೋಮೀಟರ್ ದಾಟಿ ಶಿವಮೊಗ್ಗಕ್ಕೆ ಬಂದು ರಾತ್ರಿ ಶೋ ನೋಡಿದರೆ ವಾಪಸ್ ಹೋಗುವುದು ಹೇಗೆ? ಅದಕ್ಕೇ ನನ್ನ ಸಲಹೆ ಇಷ್ಟು: ಸಣ್ಣ ಸಿನಿಮಾ ಅಂತ ಗೊತ್ತಾದರೆ ಮೊದಲ ಶನಿವಾರದ ಮ್ಯಾಟಿನಿಗೇ ಬುಕ್ ಮಾಡಿ, ನಾಲ್ಕು ಜನರನ್ನು ಕರೆದುಕೊಂಡು ಬನ್ನಿ. ನನ್ನ ವಿಮರ್ಶೆಗೆ ಕಾಯಬೇಡಿ.