ಇನ್ನೊಂದು 'ಲಾಸ್ಟ್'ಗೆ ಕಾಯಬೇಕಾ?

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಉತ್ತರ ಕೊಡುವಾಗ 'ಲಾಸ್ಟ್' ಸರಣಿಯ ಬಗ್ಗೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಹೆಚ್ಚಿನವರದ್ದು ಸುತ್ತಿ ಬಳಸಿ ಒಂದೇ ಪ್ರಶ್ನೆ. ಅಂಥದ್ದು ಮತ್ತೆ ಬರುತ್ತಾ, ಅದರ ಹಾಗೇ ಮಾಡಿದ್ದೇವೆ ಅನ್ನುವವರನ್ನು ನಂಬಬಹುದಾ? ಹಾಗಾಗಿ ಈ ಸಲ ಪೂರ್ತಿ ಅದೇ ಮಾತು. ನೋಡದೇ ಇರುವವರಿಗಾಗಿ ಹೇಳುವುದಾದರೆ, ಇದು ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 2004ರ ಸೆಪ್ಟೆಂಬರ್ 22ರಂದು ಶುರುವಾಗಿ 2010ರ ಮೇ 23ಕ್ಕೆ ಮುಗಿದ ಸರಣಿ. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನ ಒಂದು ದ್ವೀಪದ ಮೇಲೆ ಬೀಳುತ್ತದೆ, ಉಳಿದುಕೊಂಡವರ ಕಥೆ. ಚಿತ್ರೀಕರಣ ಆಗಿದ್ದು ಹವಾಯಿಯಲ್ಲಿ.

ಪ್ರಶ್ನೆ: ಮೇಡಂ, ಎರಡು ತಿಂಗಳು ಪ್ರತಿ ರಾತ್ರಿ ಕೂತು 'ಲಾಸ್ಟ್' ಪೂರ್ತಿ ನೋಡಿದೆ. ಮುಗಿದ ದಿನ, ನೆಂಟರೆಲ್ಲ ಊರಿಗೆ ಹೋದ ಮೇಲೆ ಮನೆ ಬಿಕೋ ಅನ್ನುತ್ತಲ್ಲ, ಹಾಗಾಯಿತು. ಈಗ ಯಾವ ಹೊಸ ಸರಣಿಯ ಟ್ರೈಲರ್ ಬಂದರೂ 'ಇದು ಮುಂದಿನ ಲಾಸ್ಟ್' ಎಂದು ಯಾರಾದರೂ ಹೇಳುತ್ತಾರೆ. ಆಸೆಯಿಂದ ಶುರು ಮಾಡುತ್ತೇನೆ, ಮೂರನೇ ಕಂತಿಗೆ ಸಾಕಾಗುತ್ತದೆ. ಹೀಗೆ ಕಾಯುವುದೇ ತಪ್ಪಾ? (ಶಿವಮೊಗ್ಗದಿಂದ)

ಉತ್ತರ: ತಪ್ಪಲ್ಲ. ನಾನೂ ಕಾಯುತ್ತೇನೆ. 2006ರಲ್ಲಿ ಅಮೆರಿಕದಿಂದ ಬಂದ ಗೆಳತಿಯೊಬ್ಬಳು ಮೊದಲ ಸೀಸನ್ನಿನ ಡಿವಿಡಿ ಪೆಟ್ಟಿಗೆ ತಂದುಕೊಟ್ಟಳು. ನಾನು, ತಂಗಿ ಇಬ್ಬರೂ ಮೈಸೂರಿನ ಮನೆಯಲ್ಲಿ ಒಂದೇ ವಾರದಲ್ಲಿ ನೋಡಿ ಮುಗಿಸಿದೆವು. ಆವತ್ತಿನಿಂದ ಅಂಥ ಇನ್ನೊಂದು ವಾರ ಸಿಗಲಿ ಅಂತ ಕಾಯುತ್ತಲೇ ಇದ್ದೇನೆ. ಸಿಕ್ಕಿದ್ದು ಕಮ್ಮಿ. ಆದರೆ ಯಾಕೆ ಸಿಗುವುದಿಲ್ಲ ಅನ್ನುವುದು ಈಗ ಸ್ವಲ್ಪ ಗೊತ್ತಾಗಿದೆ.

ನಕಲು ಮಾಡುವವರು ಮೊದಲು ಕಣ್ಣಿಗೆ ಬಿದ್ದದ್ದನ್ನು ತೆಗೆದುಕೊಳ್ಳುತ್ತಾರೆ. ಬಿದ್ದ ವಿಮಾನ, ಕಾಡಿನೊಳಗಿಂದ ಬರುವ ಸದ್ದು, ಅರ್ಥವಾಗದ ಅಂಕಿಗಳು, ಕಂತಿನ ಕೊನೆಯಲ್ಲಿ ಒಂದು ದೊಡ್ಡ ಧಕ್ಕೆ. 'ಲಾಸ್ಟ್' ಓಡಿದ್ದು ಅದರಿಂದಲ್ಲ. ಅದರ ಇಂಜಿನ್ ಬೇರೆಯೇ ಇತ್ತು. ಒಂದು ಕಂತು, ಒಬ್ಬ ಮನುಷ್ಯ. ದ್ವೀಪದಲ್ಲಿ ಈಗ ನಡೆಯುತ್ತಿರುವುದರ ಮಧ್ಯೆ ಆ ಒಬ್ಬರ ಹಳೆಯ ಬದುಕು ತುಂಡು ತುಂಡಾಗಿ ಬರುತ್ತಿತ್ತು. ನಿಗೂಢ ಅನ್ನುವುದು ನಮ್ಮನ್ನು ಅವರ ಪಕ್ಕ ಕೂರಿಸಲು ಒಂದು ನೆಪ, ಅಷ್ಟೇ.

ನಾಲ್ಕನೇ ಕಂತನ್ನು ನೆನಪು ಮಾಡಿಕೊಳ್ಳಿ, ಜಾನ್ ಲಾಕ್‌ನ ಕಂತು. ನೋಡದವರು ಬೇಜಾರಾಗಬಾರದು ಅಂತ ಕೊನೆಯ ನಿಮಿಷ ಏನು ಅಂತ ಹೇಳುವುದಿಲ್ಲ. ಅಲ್ಲಿಯವರೆಗೆ ಅವನು ಚಾಕು ಇಟ್ಟುಕೊಂಡು ಓಡಾಡುವ ವಿಚಿತ್ರ ಮುದುಕ. ಆ ಒಂದು ನಿಮಿಷದ ನಂತರ, ಉಳಿದವರಿಗೆಲ್ಲ ಅನಾಹುತವಾದ ದಿನ ಅವನಿಗೆ ಏನಾಗಿತ್ತು ಅಂತ ತಿಳಿಯುತ್ತದೆ, ಹಿಂದಿನ ಮೂರು ಕಂತುಗಳ ಅವನ ನಗುವೆಲ್ಲ ಬೇರೆ ಥರ ಕಾಣುತ್ತದೆ. ತಂಗಿ ಅತ್ತಳು. ನಾನೂ ಅತ್ತೆ. ಅಲ್ಲಿ ದೆವ್ವವೂ ಇರಲಿಲ್ಲ, ಸ್ಫೋಟವೂ ಇರಲಿಲ್ಲ.

ಆಮೇಲೆ ಸನ್ ಮತ್ತು ಜಿನ್. ಕೊರಿಯಾದ ಗಂಡ ಹೆಂಡತಿ, ಕೊರಿಯನ್‌ನಲ್ಲೇ ಮಾತಾಡಿಕೊಳ್ಳುತ್ತಾರೆ, ಕೆಳಗೆ ಸಬ್‌ಟೈಟಲ್. 2004ರಲ್ಲಿ, ಅಮೆರಿಕದ ದೊಡ್ಡ ಚಾನೆಲ್‌ನಲ್ಲಿ, ರಾತ್ರಿ ಎಲ್ಲರೂ ಟಿವಿ ಮುಂದೆ ಇರುವ ಹೊತ್ತಿನಲ್ಲಿ! ಸುತ್ತಲಿನವರಿಗೆ ತಮ್ಮ ಭಾಷೆ ಗೊತ್ತಿಲ್ಲದ ಕಡೆ ಸಿಕ್ಕಿಕೊಂಡವರ ಆ ಒಂಟಿತನ, ಕನ್ನಡ ಬಿಟ್ಟರೆ ಬೇರೆ ಬಾರದೆ ದೂರದ ಊರಿನ ಆಸ್ಪತ್ರೆಯಲ್ಲೋ ರೈಲು ನಿಲ್ದಾಣದಲ್ಲೋ ನಿಂತವರಿಗೆ ಚೆನ್ನಾಗಿ ಗೊತ್ತು. ಇನ್ನು ಸಯೀದ್, ಇರಾಕಿನ ಸೈನ್ಯದಲ್ಲಿದ್ದವನು. ಇರಾಕ್ ಯುದ್ಧ ಶುರುವಾಗಿ ಒಂದೂವರೆ ವರ್ಷವಾಗಿದ್ದ ಹೊತ್ತಿನಲ್ಲಿ ಅಂಥವನನ್ನು ಅಮೆರಿಕದ ಮನೆಮನೆಯಲ್ಲಿ ಇಷ್ಟಪಡುವ ಹಾಗೆ ಬರೆದರು. ಆ ಪಾತ್ರ ಮಾಡಿದ ನವೀನ್ ಆಂಡ್ರ್ಯೂಸ್ ಲಂಡನ್ನಿನಲ್ಲಿ ಹುಟ್ಟಿದವರು, ತಂದೆ ತಾಯಿ ಕೇರಳದವರು.

ಈ ಧೈರ್ಯವನ್ನು ನಕಲು ಮಾಡುವುದು ಕಷ್ಟ. ವಿಮಾನವನ್ನು ನಕಲು ಮಾಡುವುದು ಸುಲಭ. ನಿಮಗೆ ಮೂರನೇ ಕಂತಿಗೆ ಸಾಕಾಗುತ್ತದೆ ಅಂದಿರಲ್ಲ, ಬಹುಶಃ ಮೂರು ಕಂತು ಕಳೆದರೂ ಅಲ್ಲಿ ಒಬ್ಬರ ಹೆಸರೂ ನಿಮ್ಮ ಬಾಯಿಗೆ ಬಂದಿರುವುದಿಲ್ಲ.

ಪ್ರಶ್ನೆ: 'ಲಾಸ್ಟ್' ಗೆದ್ದ ಮರುವರ್ಷವೇ ಮೂರು ಚಾನೆಲ್‌ಗಳಲ್ಲಿ ಅದರಂಥವೇ ಮೂರು ಸರಣಿ ಬಂದವಂತೆ. ಮೂರೂ ಒಟ್ಟಿಗೆ ಹೇಗೆ? ಒಬ್ಬರನ್ನೊಬ್ಬರು ನೋಡಿಕೊಂಡು ಮಾಡುತ್ತಾರಾ? (ದಾವಣಗೆರೆಯ ವಿದ್ಯಾರ್ಥಿ)

ಉತ್ತರ: ನಿಜ. 2005ರ ಸೆಪ್ಟೆಂಬರ್‌ನ ಒಂದೇ ವಾರದಲ್ಲಿ ಮೂರೂ ಬಂದವು. ಸಿಬಿಎಸ್‌ನಲ್ಲಿ 'ಥ್ರೆಶೋಲ್ಡ್', ಎನ್‌ಬಿಸಿಯಲ್ಲಿ 'ಸರ್ಫೇಸ್', ಎಬಿಸಿಯಲ್ಲೇ 'ಇನ್ವೇಷನ್'. ಒಂದರಲ್ಲಿ ಹಡಗಿನ ಹತ್ತಿರ ಕಾಣಿಸಿಕೊಂಡ ಅನ್ಯಗ್ರಹದ ವಸ್ತು, ಇನ್ನೊಂದರಲ್ಲಿ ಸಮುದ್ರದಾಳದ ಪ್ರಾಣಿಗಳು, ಮತ್ತೊಂದರಲ್ಲಿ ಚಂಡಮಾರುತದ ನಂತರ ಬದಲಾಗುವ ಜನ.

ಇದಕ್ಕೆ ಪಿತೂರಿ ಏನೂ ಬೇಕಿಲ್ಲ. ಅಲ್ಲಿನ ಚಾನೆಲ್‌ಗಳ ಪಂಚಾಂಗವೇ ಹಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಕಥೆಗಳನ್ನು ಕೇಳುವುದು, ವರ್ಷದ ಕೊನೆಯಲ್ಲಿ ಕೆಲವಕ್ಕೆ ಸ್ಕ್ರಿಪ್ಟ್ ಬರೆಸುವುದು, ಮಾರ್ಚ್ ಏಪ್ರಿಲ್‌ನಲ್ಲಿ ಒಂದೊಂದು ಕಂತು ಮಾತ್ರ ಚಿತ್ರೀಕರಿಸಿ ನೋಡುವುದು, ಅದಕ್ಕೆ ಪೈಲಟ್ ಎನ್ನುತ್ತಾರೆ. ಮೇ ತಿಂಗಳ ನಡುವೆ ನ್ಯೂಯಾರ್ಕ್‌ನಲ್ಲಿ ಜಾಹೀರಾತು ಕೊಡುವವರನ್ನೆಲ್ಲ ಕರೆದು ಪಟ್ಟಿ ಘೋಷಿಸುತ್ತಾರೆ, ಸೆಪ್ಟೆಂಬರ್‌ನಲ್ಲಿ ಪ್ರಸಾರ. ಈಗ ಲೆಕ್ಕ ಹಾಕಿ. 2004ರ ಸೆಪ್ಟೆಂಬರ್‌ನಲ್ಲಿ 'ಲಾಸ್ಟ್' ಗೆದ್ದಿದೆ, ಮೊದಲ ಕಂತನ್ನೇ ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಜಾಸ್ತಿ ಜನ ನೋಡಿದ್ದಾರೆ. ಅದೇ ತಿಂಗಳುಗಳಲ್ಲಿ ಎಲ್ಲ ಚಾನೆಲ್‌ಗಳೂ ಹೊಸ ಕಥೆ ಆರಿಸುತ್ತಾ ಕೂತಿವೆ. ಕಥೆಗಾರ ಏನೇ ತಂದರೂ 'ಇದು ಲಾಸ್ಟ್ ಥರ ಇದೆಯಾ' ಅಂತ ಕೇಳುವುದು ಸಹಜ. ಹಣ ಹಾಕುವವನಿಗೆ ಭಯ ಇರುತ್ತದೆ, ಗೆದ್ದದ್ದರ ನೆರಳು ಕಂಡರೆ ಸಮಾಧಾನ.

ಈ ಮಾತಿನ ಜೊತೆ ಇನ್ನೊಂದು ವಿಷಯ ಹೇಳಲೇಬೇಕು. 'ಲಾಸ್ಟ್' ಮಾಡಿಸಿದ್ದು ಎಬಿಸಿಯ ಲಾಯ್ಡ್ ಬ್ರಾನ್ ಎಂಬ ಅಧಿಕಾರಿಯ ಹಟ. ಪೈಲಟ್‌ಗೆ ಒಂದು ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಯಿತು, ಆ ಕಾಲಕ್ಕೆ ಅದು ವಿಪರೀತ. ಸರಣಿ ಪ್ರಸಾರವಾಗುವ ಮೊದಲೇ ಅವರ ಕೆಲಸ ಹೋಯಿತು. ಯಾರ ನೆರಳೂ ಇಲ್ಲದ ಕಥೆಗೆ ಹಣ ಹಾಕಿದವರಿಗೆ ಹೀಗಾಯಿತು, ಮರುವರ್ಷ ಎಲ್ಲರೂ ಅದೇ ಕಥೆಯ ಹಿಂದೆ ಬಿದ್ದರು. ನನಗೆ ಈಗಲೂ ಇದು ಬೇಸರದ ಸಂಗತಿ.

ಮೂರರಲ್ಲಿ ನನಗೆ ಇಷ್ಟವಾದದ್ದು 'ಇನ್ವೇಷನ್'. ಬುಧವಾರ 'ಲಾಸ್ಟ್' ಮುಗಿದ ಕೂಡಲೇ ಅದು ಬರುತ್ತಿತ್ತು. ವಿಚ್ಛೇದನ ಪಡೆದ ಗಂಡ ಹೆಂಡತಿ, ಇಬ್ಬರಿಗೂ ಹೊಸ ಸಂಸಾರ, ನಡುವೆ ಓಡಾಡುವ ಮಕ್ಕಳು, ಅವರ ಅಮ್ಮ ಚಂಡಮಾರುತದ ರಾತ್ರಿಯ ನಂತರ ಮೊದಲಿನ ಹಾಗಿಲ್ಲ. ನಿಧಾನ, ಆದರೆ ಜನ ಇದ್ದರು ಅದರಲ್ಲಿ. ಅದರ ದುರದೃಷ್ಟ ನೋಡಿ, ಪ್ರಸಾರ ಶುರುವಾಗುವ ಮೂರು ವಾರ ಮುಂಚೆ ನಿಜವಾದ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಮುಳುಗಿಸಿತ್ತು. ಮೂರೂ ಸರಣಿಗಳು ಒಂದೇ ಸೀಸನ್‌ಗೆ ನಿಂತವು.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ವರ್ಷ 2009. 'ಲಾಸ್ಟ್' ಮುಗಿಯುತ್ತಾ ಬಂದಿತ್ತು, ಅದರ ಜಾಗಕ್ಕೆ ಅಂತಲೇ 'ಫ್ಲ್ಯಾಶ್‌ಫಾರ್ವರ್ಡ್' ಬಂತು. ಎಷ್ಟು ಕಾದಿದ್ದೆ! ಅರ್ಧದಲ್ಲಿ ನಿಲ್ಲಿಸಿಬಿಟ್ಟರು. ಇವತ್ತಿಗೂ ಸಿಟ್ಟು ಹೋಗಿಲ್ಲ. ನನ್ನದು ಅತಿಯಾಯಿತಾ? (ಫ್ರೀಮಾಂಟ್‌ನಿಂದ)

ಉತ್ತರ: ಅತಿ ಏನಿಲ್ಲ. ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದೂ ಅದೇ.

ಕಥೆಯ ಎಳೆ ಎಷ್ಟು ಚೆನ್ನಾಗಿತ್ತು! ಇಡೀ ಜಗತ್ತಿನ ಜನ ಒಂದೇ ಸಲ 2 ನಿಮಿಷ 17 ಸೆಕೆಂಡ್ ಪ್ರಜ್ಞೆ ತಪ್ಪುತ್ತಾರೆ. ಆ ಹೊತ್ತಿನಲ್ಲಿ ಪ್ರತಿಯೊಬ್ಬರಿಗೂ ಆರು ತಿಂಗಳ ಮುಂದಿನ ತಮ್ಮ ಬದುಕು, 2010ರ ಏಪ್ರಿಲ್ 29ರ ಒಂದು ಚೂರು ಕಾಣುತ್ತದೆ. ಕೆಲವರಿಗೆ ಏನೂ ಕಾಣುವುದಿಲ್ಲ. ಅಂದರೆ ಆ ಹೊತ್ತಿಗೆ ತಾವು ಇರುವುದೇ ಇಲ್ಲವಾ ಅಂತ ಅವರು ಯೋಚಿಸುತ್ತಾ ಬದುಕಬೇಕು. ರಾಬರ್ಟ್ ಸಾಯರ್ ಅವರ ಕಾದಂಬರಿಯಿಂದ ತೆಗೆದುಕೊಂಡದ್ದು. 'ಲಾಸ್ಟ್'ನ ಇಬ್ಬರು ನಟರೂ ಇದ್ದರು, ಸೋನ್ಯಾ ವಾಲ್ಗರ್ ಮತ್ತು ಡಾಮಿನಿಕ್ ಮೊನಾಹನ್. ಕಾಯದೆ ಇರಲು ಹೇಗೆ ಸಾಧ್ಯ, ಅಲ್ವಾ?

ಎಡವಿದ್ದೆಲ್ಲಿ ಅಂದರೆ, ಇಷ್ಟು ಒಳ್ಳೆ ಪ್ರಶ್ನೆ ಕೈಯಲ್ಲಿದ್ದಾಗ ಅವರು ಪ್ರತಿ ವಾರ ಪತ್ತೇದಾರಿ ಕೆಲಸಕ್ಕೆ ಹೋದರು. ಗೋಡೆಗೆ ಫೋಟೋ ಅಂಟಿಸಿ ದಾರ ಕಟ್ಟಿದರು. ತನ್ನ ಸಾವನ್ನು ಮೊದಲೇ ತಿಳಿದ ಮನುಷ್ಯ ಬೆಳಿಗ್ಗೆ ಎದ್ದು ಹಲ್ಲುಜ್ಜುವುದು ಹೇಗೆ, ಅದನ್ನು ತೋರಿಸಬೇಕಾದ ಕಡೆ ತೋರಿಸಲಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪ್ರಸಾರ ಬೇರೆ ನಿಲ್ಲಿಸಿದರು, ಜನ ಕೈಬಿಟ್ಟರು. ಮೇ 23ಕ್ಕೆ 'ಲಾಸ್ಟ್' ಮುಗಿಯಿತು, ನಾಲ್ಕು ದಿನ ಬಿಟ್ಟು ಮೇ 27ಕ್ಕೆ ಇದರ ಕೊನೆಯ ಕಂತು, 22ನೆಯದು. ಅಪ್ಪನ ಜಾಗ ತುಂಬಲಿ ಅಂತ ಬೆಳೆಸಿದ ಮಗು ಅಪ್ಪನ ಹಿಂದೆಯೇ ಹೋದ ಹಾಗೆ. ಅದೂ ಹೊಸ ಗಂಟೊಂದನ್ನು ಹಾಕಿಟ್ಟು.

ಇದು ನಮ್ಮಂಥ ನೋಡುಗರಿಗೆ ಮಾಡುವ ಅನ್ಯಾಯ ಎಂದೇ ನಾನು ಹೇಳುತ್ತೇನೆ. 22 ಗಂಟೆ ಕೊಟ್ಟು ಕೂತವರಿಗೆ ಒಂದು ಮುಕ್ತಾಯದ ಕಂತಾದರೂ ಕೊಡಬೇಕಿತ್ತು. 'ಲಾಸ್ಟ್' ಬರೆದವರು ಇದನ್ನು ಮೊದಲೇ ಯೋಚಿಸಿದ್ದರು. 2007ರ ಮೇನಲ್ಲೇ ಚಾನೆಲ್ ಜೊತೆ ಮಾತಾಡಿ, ಇನ್ನು ಮೂರು ಸೀಸನ್, 48 ಕಂತು, 2010ಕ್ಕೆ ಮುಗಿಸುತ್ತೇವೆ ಅಂತ ಘೋಷಿಸಿದರು. ಗೆದ್ದು ನಡೆಯುತ್ತಿರುವ ಸರಣಿಗೆ ಮೂರು ವರ್ಷ ಮುಂಚೆ ಕೊನೆಯ ದಿನ ಗೊತ್ತು ಮಾಡುವುದು ಅಲ್ಲಿ ಬಹಳ ಅಪರೂಪ. ಇದನ್ನು ನಕಲು ಮಾಡಿದವರು ಕಮ್ಮಿ ನೋಡಿ. 2010ರಲ್ಲೇ ಶುರುವಾದ ಎನ್‌ಬಿಸಿಯ 'ದಿ ಇವೆಂಟ್', ಅದೇ ಆಸೆ, ಅದೇ 22 ಕಂತು, ಅದೇ ಗತಿ.

ಪ್ರಶ್ನೆ: 'ಮ್ಯಾನಿಫೆಸ್ಟ್' ಶುರು ಮಾಡಲಾ? ಅದೂ ವಿಮಾನದ ಕಥೆ, ಅದನ್ನೂ ಮಧ್ಯದಲ್ಲಿ ನಿಲ್ಲಿಸಿದ್ದರಂತೆ. (ಉಡುಪಿಯಿಂದ)

ಉತ್ತರ: ಧೈರ್ಯವಾಗಿ ಮಾಡಿ, ಅದು ಮುಗಿದಿದೆ. ಜಮೈಕಾದಿಂದ ನ್ಯೂಯಾರ್ಕ್‌ಗೆ ಹೊರಟ 828ನೇ ನಂಬರಿನ ವಿಮಾನ ಇಳಿದಾಗ ಹೊರಗೆ ಐದೂವರೆ ವರ್ಷ ಕಳೆದಿರುತ್ತದೆ. ಒಳಗಿದ್ದವರಿಗೆ ಕೆಲವೇ ಗಂಟೆ. ಎನ್‌ಬಿಸಿ 2021ರಲ್ಲಿ ಮೂರು ಸೀಸನ್‌ಗೆ ನಿಲ್ಲಿಸಿತ್ತು. ಅದೇ ಹೊತ್ತಿಗೆ ಅಮೆರಿಕದ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಹಳೆಯ ಕಂತುಗಳನ್ನು ಜನ ಮುಗಿಬಿದ್ದು ನೋಡಿದರು, ನೆಟ್‌ಫ್ಲಿಕ್ಸ್‌ನವರೇ 20 ಕಂತಿನ ನಾಲ್ಕನೇ ಸೀಸನ್ ಮಾಡಿಸಿ 2023ರಲ್ಲಿ ಮುಗಿಸಿದರು. 'ಲಾಸ್ಟ್'ನಷ್ಟು ಆಳ ಇಲ್ಲ, ಕೆಲವು ಕಡೆ ಎಳೆದಿದ್ದಾರೆ. ಆದರೆ ಅವಳಿ ಮಕ್ಕಳಲ್ಲಿ ಒಬ್ಬ ವಿಮಾನದಲ್ಲಿದ್ದ, ಇನ್ನೊಬ್ಬಳು ಮನೆಯಲ್ಲಿದ್ದಳು. ವಾಪಸ್ ಬಂದಾಗ ಅವನು ಇನ್ನೂ ಚಿಕ್ಕ ಹುಡುಗ, ಅವಳು ಬೆಳೆದುಬಿಟ್ಟಿದ್ದಾಳೆ. ಅವರಿಬ್ಬರಿಗಾಗಿ ನೋಡಿ.

ಪ್ರಶ್ನೆ: ನಮ್ಮ ಕನ್ನಡ ಸೀರಿಯಲ್‌ಗಳೂ ಬೇರೆ ಭಾಷೆಯ ನಕಲೇ ತಾನೇ? ಅಮೆರಿಕದವರನ್ನು ಯಾಕೆ ಬೈಯಬೇಕು? (ಮಂಡ್ಯದಿಂದ)

ಉತ್ತರ: ಬೈಯುತ್ತಿಲ್ಲ, ಪ್ರೀತಿಯಿಂದ ಜಗಳ ಆಡುತ್ತಿದ್ದೇನೆ. ಎರಡಕ್ಕೂ ವ್ಯತ್ಯಾಸ ಇದೆ. ನಮ್ಮಲ್ಲಿ ಹೆಚ್ಚಾಗಿ ಆಗುವುದು ರಿಮೇಕ್, ಮೂಲ ಕಥೆಯನ್ನೇ ತಂದು ನಮ್ಮ ಮನೆ, ನಮ್ಮ ಮಾತಿಗೆ ಹೊಂದಿಸುವುದು. ಹಿಂದಿಯ 'ಬಾಲಿಕಾ ವಧು' ಹೀಗೆಯೇ 'ಪುಟ್ಟಗೌರಿ ಮದುವೆ' ಆಯಿತು, ಮರಾಠಿಯ ಕಥೆ 'ಜೊತೆ ಜೊತೆಯಲಿ' ಆಯಿತು. ಅದರಲ್ಲಿ ಮುಚ್ಚುಮರೆ ಇಲ್ಲ, ಚೆನ್ನಾಗಿ ಹೊಂದಿಸಿದರೆ ಜನ ಅದನ್ನು ತಮ್ಮದೇ ಅಂತ ನೋಡುತ್ತಾರೆ. ನಾನು ಹೇಳುತ್ತಿರುವುದು ಕಥೆ ತೆಗೆದುಕೊಳ್ಳದೆ ಅದರ ಬಣ್ಣ ಮಾತ್ರ ತೆಗೆದುಕೊಳ್ಳುವವರ ಬಗ್ಗೆ. ಒಂದು ಸೀರಿಯಲ್‌ನಲ್ಲಿ ವಯಸ್ಸಾದ ಶ್ರೀಮಂತ ನಾಯಕ ಗೆದ್ದ ಅಂತ ಇನ್ನೊಂದು ಕಡೆ ಸುಮ್ನೆ ಅಂಥವನನ್ನೇ ತಂದು ಕೂರಿಸಿದರೆ ನಮ್ಮಮ್ಮನಂಥವರು ಎರಡೇ ದಿನಕ್ಕೆ ಕಂಡುಹಿಡಿದು ಚಾನೆಲ್ ಬದಲಿಸುತ್ತಾರೆ.

ಪ್ರಶ್ನೆ: ಹಾಗಾದರೆ ಈಗ ನಡೆಯುತ್ತಿರುವುದರಲ್ಲಿ ಯಾವುದಕ್ಕೆ ಕಾಯಬಹುದು? ಒಂದೇ ಹೆಸರು ಹೇಳಿ. (ಹುಬ್ಬಳ್ಳಿಯಿಂದ)

ಉತ್ತರ: 'ಫ್ರಮ್'. 2022ರಲ್ಲಿ ಶುರುವಾಯಿತು. ಒಳಗೆ ಬಂದವರು ಹೊರಗೆ ಹೋಗಲಾಗದ ಒಂದು ಸಣ್ಣ ಊರು, ರಾತ್ರಿ ಬಾಗಿಲು ತೆಗೆದರೆ ಮುಗಿಯಿತು. ಮುಖ್ಯ ಪಾತ್ರದಲ್ಲಿ 'ಲಾಸ್ಟ್'ನ ಹೆರಾಲ್ಡ್ ಪೆರಿನೋ, ನಿರ್ದೇಶಕರಲ್ಲಿ ಒಬ್ಬರು ಅದೇ ಸರಣಿಯ ಕೊನೆಯ ಕಂತು ಮಾಡಿದ ಜ್ಯಾಕ್ ಬೆಂಡರ್. ನಕಲು ಅನ್ನಲು ನನಗೆ ಮನಸ್ಸಿಲ್ಲ, ಅದೇ ಕೈಗಳು ಮತ್ತೆ ಕೆಲಸಕ್ಕೆ ಇಳಿದಿವೆ. ರಕ್ತ ಜಾಸ್ತಿ ಇದೆ, ಮಕ್ಕಳನ್ನು ಮಲಗಿಸಿ ನೋಡಿ. ಭಯ ಅನ್ನಿಸಿದರೆ 'ದಿ ಲೆಫ್ಟ್‌ಓವರ್ಸ್' ಹುಡುಕಿ. 'ಲಾಸ್ಟ್' ಬರೆದ ಡೇಮನ್ ಲಿಂಡೆಲಾಫ್ ಅವರದ್ದೇ, ಮೂರು ಸೀಸನ್, 28 ಕಂತು. ಜಗತ್ತಿನ ನೂರಕ್ಕೆ ಇಬ್ಬರು ಒಂದು ದಿನ ಇದ್ದಕ್ಕಿದ್ದಂತೆ ಇಲ್ಲವಾಗುತ್ತಾರೆ. ಎಲ್ಲಿ ಹೋದರು ಅಂತ ಹುಡುಕುವುದಕ್ಕಿಂತ ಉಳಿದವರ ಜೊತೆ ಕೂರುವುದೇ ಅದರಲ್ಲಿ ಹೆಚ್ಚು. ಒಂದೇ ಹೆಸರು ಕೇಳಿದ್ದಿರಿ, ಎರಡಾಯಿತು. ಮೊದಲ ಸೀಸನ್ ಭಾರ ಅನ್ನಿಸಬಹುದು, ಎರಡನೆಯದಕ್ಕೆ ಹೋಗುವವರೆಗೆ ಬಿಡಬೇಡಿ, ಆಮೇಲೆ ನನಗೆ ಬರೆಯಿರಿ.