ಟರ್ಬೊ ಹೋಗಿದೆಯಾ, ಪೈಪ್ ಕಳಚಿದೆಯಾ?

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು. ಹೋದ ವಾರ ಏರ್ ಫಿಲ್ಟರ್ ನಾನೇ ಬದಲಾಯಿಸಿದೆ. ಮಾರನೇ ದಿನದಿಂದ ಪಿಕಪ್ ಇಲ್ಲ. ಗಾಡಿ ನಿಂತಿದ್ದಾಗ ಆರ್‌ಪಿಎಂ ಏರುತ್ತೆ, ಇಳಿಯುತ್ತೆ, ಬಾನೆಟ್ ಒಳಗಿಂದ ಬುಸ್ ಅಂತ ಸದ್ದು. ಸ್ಕ್ಯಾನರ್‌ನಲ್ಲಿ ಪಿ0171, ಪಿ0299 ಎಂಬ ಎರಡು ಕೋಡ್ ಬಂದಿವೆ. ಗ್ಯಾರೇಜಿನವರು ಟರ್ಬೊ ಹೋಗಿದೆ ಅಂತಾರೆ. ಬದಲಾಯಿಸಲಾ?

ಉತ್ತರ: ತಡೀರಿ, ಅಷ್ಟು ಅವಸರ ಬೇಡ. ಟರ್ಬೊ ಕೆಟ್ಟರೆ ಸಾಮಾನ್ಯವಾಗಿ ಮೊದಲೇ ಕೀರಲು ಸದ್ದು, ಆಯಿಲ್ ಸುಟ್ಟ ನೀಲಿ ಹೊಗೆ ಏನಾದರೂ ಕಾಣುತ್ತದೆ. ನಿಮ್ಮ ಕಾರು ಫಿಲ್ಟರ್ ಬದಲಾಯಿಸಿದ ಮಾರನೇ ದಿನವೇ ಕೈ ಕೊಟ್ಟಿದೆ. ಅಂದರೆ ಕೊನೆಗೆ ಕೈ ಹಾಕಿದ ಜಾಗದಲ್ಲೇ ಮೊದಲು ಹುಡುಕಬೇಕು, ಅಲ್ವಾ? ಫಿಲ್ಟರ್ ಡಬ್ಬಿ ಎತ್ತುವಾಗ ಪಕ್ಕದ ಸಣ್ಣ ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯುವಾಗ ಹುಟ್ಟುವ ಕಡಿಮೆ ಒತ್ತಡ) ಪೈಪ್ ಎಳೆದುಕೊಂಡು ಬರುವುದು ತೀರಾ ಮಾಮೂಲು. ನಾನೂ ಒಮ್ಮೆ ಹೀಗೇ ಕಳಚಿ, ಎರಡು ದಿನ ಬೇರೆಲ್ಲೋ ಹುಡುಕಿದ್ದೆ.

ಪಿ0171 ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ. ಪಿ0299 ಅಂದರೆ ಇಂಜಿನ್ ಕಂಪ್ಯೂಟರ್ ಕೇಳಿದಷ್ಟು ಬೂಸ್ಟ್ (ಟರ್ಬೊ ಇಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ) ಬರುತ್ತಿಲ್ಲ. ಐಡ್ಲಿಂಗ್‌ನಲ್ಲಿ ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡ ಸುಮಾರು 30ರಿಂದ 40 ಕಿಲೊಪಾಸ್ಕಲ್, ಹೊರಗಿನ ಗಾಳಿಯದು ಸಮುದ್ರಮಟ್ಟದಲ್ಲಿ 101. ಸಂದಿ ಸಿಕ್ಕರೆ ಸಾಕು, ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ. ನೀವು ಕೇಳಿದ ಬುಸ್ ಅದೇ ಇರಬೇಕು. ಇನ್ನು ಕೆಲವು ಕಾರುಗಳಲ್ಲಿ ಟರ್ಬೊದ ವೇಸ್ಟ್‌ಗೇಟ್ (ಎಕ್ಸಾಸ್ಟ್ ಗಾಳಿಯನ್ನು ಪಕ್ಕಕ್ಕೆ ಬಿಡುವ ದಾರಿ) ಬಾಗಿಲನ್ನು ಮುಚ್ಚಿ ಹಿಡಿಯುವುದೂ ಈ ವ್ಯಾಕ್ಯೂಮೇ. ಅದು ಇಲ್ಲದಿದ್ದರೆ ಬಾಗಿಲು ತೆರೆದೇ ಇರುತ್ತದೆ, ಎಕ್ಸಾಸ್ಟ್ ಗಾಳಿ ಟರ್ಬೊದ ಚಕ್ರವಾದ ಟರ್ಬೈನ್ ತಿರುಗಿಸದೆ ಪಕ್ಕದಿಂದ ಹೋಗಿಬಿಡುತ್ತದೆ. ಮಜಾ ಏನೆಂದರೆ, ಬೂಸ್ಟ್ ಒತ್ತಡದಿಂದಲೇ ಬಾಗಿಲು ತೆರೆಯುವ ಕಾರುಗಳಲ್ಲಿ ಅದರ ಪೈಪ್ ಕಳಚಿದರೆ ಕಥೆ ಉಲ್ಟಾ. ಬಾಗಿಲು ತೆರೆಯುವುದೇ ಇಲ್ಲ, ಬೂಸ್ಟ್ ಮಿತಿ ಮೀರುತ್ತದೆ, ಪಿ0234 ಬರುತ್ತದೆ. ನಿಮ್ಮದು ಯಾವ ಬಗೆ ಅಂತ ಸರ್ವೀಸ್ ಮ್ಯಾನ್ಯುವಲ್ ನೋಡಿ.

ಇಂಜಿನ್ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಪ್ರತಿ ಸಣ್ಣ ಪೈಪಿನ ಎರಡೂ ತುದಿ ಮುಟ್ಟಿ ನೋಡಿ. ಕಣ್ಣಿಗೆ ಸರಿ ಕಂಡದ್ದೂ ಕೆಳಗಿನಿಂದ ಸೀಳಿರಬಹುದು. ಸುತ್ತೆಲ್ಲ ಧೂಳು, ಒಂದು ಮೂತಿ ಮಾತ್ರ ಶುಭ್ರವಾಗಿ ಮಿನುಗುತ್ತಿದೆಯಾ? ಮೊನ್ನೆಯವರೆಗೆ ಅಲ್ಲೊಂದು ಪೈಪ್ ಕೂತಿತ್ತು ಅಂತ ಅರ್ಥ. ಕಾಣದಿದ್ದರೆ ಸ್ಕ್ಯಾನರ್‌ನಲ್ಲಿ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿ: ಐಡ್ಲಿಂಗ್‌ನಲ್ಲಿ ತುಂಬಾ ಪ್ಲಸ್ ಇದ್ದು 2500 ಆರ್‌ಪಿಎಂನಲ್ಲಿ ಸೊನ್ನೆ ಹತ್ತಿರ ಬಂದರೆ ವ್ಯಾಕ್ಯೂಮ್ ಸೋರಿಕೆಯ ಅನುಮಾನ ಗಟ್ಟಿಯಾಗುತ್ತದೆ. ಆಗಲೂ ಜಾಗ ಸಿಗದಿದ್ದರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ಊದಿ ಸೋರುವ ಜಾಗ ಹುಡುಕುವುದು) ಮಾಡಿಸಿ. ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವ ಸಾಹಸ ಮಾತ್ರ ಬೇಡ, ಬಿಸಿ ಟರ್ಬೊ ಪಕ್ಕ ಅದು ಬೆಂಕಿಗೆ ಆಹ್ವಾನ.

ಕಳಚಿದ್ದು ಸಿಕ್ಕಿತೇ? ತುದಿ ಒಣಗಿ ಗಟ್ಟಿಯಾಗಿದ್ದರೆ, ಪೈಪ್ ಉದ್ದ ಸಾಕಷ್ಟಿದ್ದರೆ, ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕಿ. ಇಲ್ಲದಿದ್ದರೆ ಅದೇ ಒಳ ಅಳತೆಯ ವ್ಯಾಕ್ಯೂಮ್ ಪೈಪನ್ನೇ ಹಾಕಿ. ಸಾದಾ ಪ್ಲಾಸ್ಟಿಕ್ ಟ್ಯೂಬ್ ಬಿಸಿಗೆ ಮೆತ್ತಗಾಗಿ ಒಳಕ್ಕೆ ಚಪ್ಪಟೆಯಾಗುತ್ತದೆ. ಕೋಡ್ ಅಳಿಸಿ ಒಮ್ಮೆ ಓಡಿಸಿ ನೋಡಿ.

ಹಾಂ, ಬ್ರೇಕ್ ಪೆಡಲ್ ಎಂದಿಗಿಂತ ಗಟ್ಟಿ ಅನ್ನಿಸಿದರೆ ಕಾರು ತೆಗೆಯಲೇಬೇಡಿ. ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೂ ಇದೇ ವ್ಯಾಕ್ಯೂಮ್ ಬೇಕು.